ಹದಿನಾಲ್ಕರ ಪಾನಾ

ಹೊಸ ಗಾಡಿ ಬಂದರೆ ಮೊದಲು ಬಿಚ್ಚುವುದು ಕನ್ನಡಿ.
ಕೋಡಿಬಾಗದಲ್ಲಿ ಹಾಗೇ. ನಂಬರು ಬರೆಸುವ ಮೊದಲು,
ಸೀಟಿನ ಪ್ಲಾಸ್ಟಿಕ್ಕು ಹರಿಯುವ ಮೊದಲು,
'ಕಾಕಾ, ಇವೆರಡು ಕಿವಿ ತೆಗೆದುಬಿಡು,
ಅಜ್ಜನ ಗಾಡಿ ಹಾಂಗೆ ಕಾಣ್ತದೆ.'

ಹದಿನಾಲ್ಕರ ಪಾನಾ, ನಾಲ್ಕು ತಿರುವು, ಮೂವತ್ತು ರೂಪಾಯಿ.
ಬಿಚ್ಚಿದ್ದನ್ನು ಯಾರೂ ಒಯ್ಯುವುದಿಲ್ಲ,
ಆಯಿಲ್ ಡಬ್ಬಕ್ಕೆ ಹಾಕಿಡುತ್ತೇನೆ.
ಈಗ ಬಗ್ಗಿ ನೋಡಿದರೆ ಅದರೊಳಗೆ
ಮೂವತ್ತು ನಲವತ್ತು ಚೂರು ಶೆಡ್ಡಿನ ತಗಡು,
ಒಂದೊಂದರಲ್ಲೂ ನನ್ನ ಮೂಗು.

ಪ್ರಜೋತ ಬಂದದ್ದು ಮೀನುಗಾರಿಕೆ ಬಂದಾದ ಜೂನಿನಲ್ಲಿ.
ಬೈತಖೋಲದಲ್ಲಿ ಬೋಟುಗಳೆಲ್ಲ ಹಗ್ಗಕ್ಕೆ ಸಿಕ್ಕಿ
ಸುಮ್ಮನೆ ತೂಗುತ್ತಿದ್ದವು.
ಅಪ್ಪ ತಾಂಡೇಲ. ಪಾಲಿನ ದುಡ್ಡು ಸುರಿದು ಗಾಡಿ ಕೊಡಿಸಿದ,
'ಬಂದರದ ಹುಡುಗರೆದುರು ನನ್ನ ಮಗ
ನಡೆದು ಹೋಗುವುದು ಬೇಡ' ಎಂದ.
ಪಿಯುಸಿಯಲ್ಲಿ ಎರಡು ವಿಷಯ ಉಳಿದಿದ್ದವು.
ಗುತ್ತಿಗೆ ಕೆಲಸಕ್ಕೆ ಹೆಸರು ಕೊಟ್ಟು
ಅರ್ಗಾ ಗೇಟಿನಲ್ಲಿ ಮೂರು ಸಲ ನಿಂತು ಬಂದಿದ್ದ.
ಎಲ್ಲರೂ 'ನಾಳೆ ಬಾ' ಎನ್ನುವ ಊರಿನಲ್ಲಿ
ಕೈ ತಿರುವಿದ ಕೂಡಲೇ ಮಾತು ಕೇಳುವುದು
ಅದೊಂದೇ ವಸ್ತು.

ಇದು ನಾನು ಈಗ ಹೇಳುವುದು.
ಅಂದು ಹೇಳಿದ್ದು 'ಅಡ್ಡಿಲ್ಲ', ಅಷ್ಟೇ.

ಅವ ಒಬ್ಬನೇ ಓಡಿಸುವುದನ್ನು ನೀವು ನೋಡಬೇಕಿತ್ತು.
ಸಿವಿಲ್ ಆಸ್ಪತ್ರೆಯಿಂದ ಅಜ್ಜಿಯನ್ನು ಕರೆತರುವಾಗ
ಹಂಪಿಗೆ ಮೊದಲೇ 'ಹಿಡ್ಕೋ' ಎಂದು ಹೇಳಿ
ಕಾಲೂರಿ, ತೊಟ್ಟಿಲು ದಾಟಿಸಿದ ಹಾಗೆ ದಾಟಿಸುತ್ತಿದ್ದ.
ದಾರಿಯಲ್ಲಿ ದನ ಮಲಗಿದ್ದರೆ
ಹಾರ್ನೂ ಹೊಡೆಯದೆ ಸುತ್ತಿ ಬರುತ್ತಿದ್ದ.

ಸಂಜೆ ಮಾತ್ರ, ಕಾಳಿ ಸೇತುವೆಯ ಈಚೆ, ಗೂಡಂಗಡಿ ಮುಂದೆ
ನಾಲ್ವರು ಕೂತಿರುತ್ತಾರೆ. ಒಬ್ಬನ ಕೈಯಲ್ಲಿ ಮೊಬೈಲು.
ಯಾರೂ 'ಹೊಡಿ' ಅನ್ನುವುದಿಲ್ಲ. ಅನ್ನಬೇಕಾಗಿಯೂ ಇಲ್ಲ.
ಬಾಯಿಗೆ ಹೋಗುತ್ತಿದ್ದ ಚಾ ಗ್ಲಾಸು
ನಡುವೆ ನಿಂತರೆ ಸಾಕು,
ಮೈಯೊಳಗಿಂದ ಇನ್ನೊಬ್ಬ ಎದ್ದು ಕೂತು
ಎಕ್ಸಿಲೇಟರು ಹಿಡಿಯುತ್ತಾನೆ.

ನನಗೆ ಗೊತ್ತು ಅವನನ್ನು.
ಹತ್ತೊಂಬತ್ತರಲ್ಲಿ, ಇಳಿತದ ಹೊತ್ತಿಗೆ,
ಅಳಿವೆಯ ಬಾಯಿಗೆ ಅಡ್ಡವಾಗಿ
ನನ್ನ ಕೈಯಿಂದ ದೋಣಿ ಹಾಕಿಸಿದವ ಅವನೇ.
ದಡದಲ್ಲಿ ನಿಂತು ನೋಡಿದವರು ಬರೀ ಮೂವರು.
ಅಲೆ ನನ್ನನ್ನು ಬೇಡವೆಂದು ಉಗಿಯಿತು.
ಜಾಣತನದಿಂದ ಉಳಿದೆ ಎಂದು ಇಪ್ಪತ್ತು ವರ್ಷ
ಕತೆ ಹೇಳಿದೆ, ಇದೇ ಶೆಡ್ಡಿನಲ್ಲಿ, ಇಂಥದೇ ಹುಡುಗರಿಗೆ.
ಪ್ರಜೋತ ಎರಡು ಸಲ ಹೇಳಿಸಿಕೊಂಡಿದ್ದ.

ಬಿಣಗಾ ತಿರುವಿನಲ್ಲಿ, ಆಗಸ್ಟು. ಮೀನಿನ ಲಾರಿ
ಹಿಂದಿನಿಂದಲೇ ಬಂತು.
ಬೆನ್ನಿಗೆ ಕೂತು ವಿಡಿಯೋ ಮಾಡುತ್ತಿದ್ದವ
ಸೊಂಟ ಮುರಿದುಕೊಂಡು ಬದುಕಿದ್ದಾನೆ.
ಪಂಚನಾಮೆಯಲ್ಲಿ ಬರೆದರು:
'ವಾಹನಕ್ಕೆ ಕನ್ನಡಿ ಇರಲಿಲ್ಲ.'

ಇತ್ತು. ಇಲ್ಲಿತ್ತು.

ಹದಿಮೂರಕ್ಕೆ ಗೆಳೆಯರು ಅವನ ಫೋಟೋದ ಅಂಗಿ ತೊಟ್ಟು
ಸೈಲೆನ್ಸರ್ ಬಿಚ್ಚಿ ಆ ತಿರುವಿನವರೆಗೆ ಹೋದರು.
ಯಾರಿಗೆ ಎಷ್ಟು ದುಃಖ ಎಂಬುದು
ಅರ್ಧ ಕಾರವಾರಕ್ಕೆ ಕೇಳಿಸಿತು.

ನಿನ್ನೆ ಸೋನಾರವಾಡದಿಂದ ಒಬ್ಬ ಬಂದ.
ಮೀಸೆ ಇನ್ನೂ ಯೋಚಿಸುತ್ತಿರುವ ಮುಖ.
'ಕಾಕಾ, ಕಿವಿ.'
ಆಗೂದಿಲ್ಲ ಎಂದೆ.
'ನಂದನಗದ್ದಾದಲ್ಲಿ ಇಪ್ಪತ್ತಕ್ಕೇ ಮಾಡ್ತಾರೆ' ಎಂದು
ಗಾಡಿ ಹೊರಳಿಸಿದ.
ಹೊರಗೆ ಜೊತೆಯವರಿದ್ದರು, ಮಾತು ಕೇಳಿಸುವಷ್ಟೇ ದೂರ.
ಅವರೆದುರು ಹೇಳಿದ್ದು ತಪ್ಪಾಯಿತೇನೋ.
ಒಬ್ಬನೇ ಸಿಕ್ಕಿದ್ದರೆ
ಚಾ ಕುಡಿಸಿ, ಆ ದೋಣಿಯ ಕತೆಯನ್ನು
ಸರಿಯಾಗಿ ಹೇಳುತ್ತಿದ್ದೆ: ಹೆದರಿದ್ದೆ ಎಂದು,
ಚಡ್ಡಿ ಒದ್ದೆಯಾದದ್ದು ಬರೀ ಸಮುದ್ರದಿಂದಲ್ಲ ಎಂದು.

ಡಬ್ಬಕ್ಕೆ ಗೋಣಿ ಹೊದಿಸಿದ್ದೇನೆ.
ಪಾನಾ ಗೋಡೆಯ ಮೊಳೆಯಲ್ಲೇ ಇದೆ.
ಎಸೆಯುವ ಹಾಗಿಲ್ಲ.
ಬ್ರೇಕು ಬಿಗಿ ಮಾಡಲಿಕ್ಕೂ
ಅದೇ ಬೇಕು.