ಹಳದಿ ಚೌಕ

ಶಿಡ್ಲಘಟ್ಟದ ಫಿಲೇಚರ್ ಅಂಗಳದಲ್ಲಿ ಹನ್ನೆರಡೂವರೆ.
ಕರೆಂಟಿಲ್ಲ. ಒಳಗೆ ಹಬೆ, ಬೆಂದ ಹುಳದ ವಾಸನೆ;
ಹೊರಗೆ ತಗಡಿನ ಛಾವಣಿ, ಸುಣ್ಣದ ಗೋಡೆ,
ತಟ್ಟೆ ತಟ್ಟೆ ತುಂಬ ಬಿಳೀ ಗೂಡು.
ಎಲ್ಲಿ ನೋಡಿದರೂ ಬಿಸಿಲು ಎರಡೆರಡು ಸಲ.

ಇಪ್ಪತ್ತಮೂರು ಗುರುತಿನ ಚೀಟಿಗೆ ಇಪ್ಪತ್ತಮೂರು ಮುಖ,
ಸಂಜೆಯೊಳಗೆ.
ನನಗೆ ಹತ್ತೊಂಬತ್ತು. ಕೊರಳಲ್ಲಿ ಪಿಳ್ಳಣ್ಣನ ಕ್ಯಾಮೆರಾ,
ಅವನ ಸೋದರಮಾವ ಚಾಂಪಿಯನ್ ರೀಫಿನ ಯಾವನೋ ದೊರೆಯಿಂದ
ಎರಡು ಮೂಟೆ ಹುಣಿಸೆಹಣ್ಣಿಗೆ ಬದಲಾಯಿಸಿಕೊಂಡದ್ದಂತೆ.
ಸುಳ್ಳಿರಬಹುದು.

ನೋಡುವ ಕಿಟಕಿ ಬೇರೆ, ಲೆನ್ಸು ಬೇರೆ, ಆ ಯಂತ್ರದಲ್ಲಿ.
ಕಿಟಕಿಯ ನಡುವೆ ಒಂದು ಹಳದಿ ಚೌಕ,
ನಾಟಿ ಗೂಡೊಂದನ್ನು ಚಪ್ಪಟೆ ಮಾಡಿ ಅಂಟಿಸಿದ ಹಾಗೆ.
ಅದರೊಳಗೆ ಒಬ್ಬರು ಇಬ್ಬರಾಗಿ ಕಾಣುತ್ತಾರೆ;
ಉಂಗುರ ತಿರುಗಿಸಿ ತಿರುಗಿಸಿ
ಒಬ್ಬರ ಮೇಲೊಬ್ಬರನ್ನು ಕೂರಿಸಬೇಕು.
ಕೂತರೆ ಫೋಕಸ್ಸು. ಅಷ್ಟೇ ವಿದ್ಯೆ.
ಪಿಳ್ಳಣ್ಣ ಅದಕ್ಕೆ ಒಂದು ವರ್ಷ ತೆಗೆದುಕೊಂಡ.

ಬೆಳಕು ಓರೆಯಲ್ಲಿ ನುಗ್ಗಿದರೆ ಏನು ಅಂತಲೂ ಹೇಳಿದ್ದ:
ಕಣ್ಣು ಸಾಸಿವೆಯಷ್ಟು ಎಡಕ್ಕೆ ಸರಿಸು.
ಕನ್ನಡಕದ ಪಕ್ಕ ಅಂಗೈ ಮರೆ ಮಾಡು.
ಹಾಲುಗಾಜಿನ ಮೇಲೆ ಕರೀ ಟೇಪು, ಅರ್ಧ ಮಾತ್ರ,
ಪೂರ್ತಿ ಮುಚ್ಚಿದೆಯೋ, ಚೌಕಟ್ಟಿನ ಗೆರೆಗಳೂ ಹೋದವು.
ಎಲ್ಲ ಮಾಡಿದೆ. ಇಪ್ಪತ್ತೆರಡು ಮುಖ ಹೇಗೋ ದಾಟಿದವು.

ಕೊನೆಯವಳು ಜುಲೇಖಾಬಿ.
ಸ್ಟೂಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು.
ಚೌಕದಲ್ಲಿ ಅವಳೂ ಇಲ್ಲ, ಅವಳ ಜೋಡಿಯೂ ಇಲ್ಲ;
ಮಜ್ಜಿಗೆ ಚೆಲ್ಲಿದ ಹಾಗೆ ಬರೀ ಬೆಳಕು.

"ಏನಪ್ಪಾ, ನಾನು ಕಾಣಲ್ವಾ?"
"ನೀವು ಕಾಣ್ತೀರಮ್ಮ.
ಎಷ್ಟು ದೂರ ಇದ್ದೀರಿ ಅನ್ನೋದು ಕಾಣ್ತಿಲ್ಲ."

ನಕ್ಕಳು. ಎದ್ದು ಬಂದು ಪಕ್ಕ ನಿಂತು
ಬಸ್ಸು ಬಂತೇನೋ ಅಂತ ಹುಬ್ಬಿನ ಮೇಲೆ ಕೈಯಿಡುತ್ತಾರಲ್ಲ,
ಹಾಗೆ ಕ್ಯಾಮೆರಾದ ಹುಬ್ಬಿಗೆ ಕೈಯಿಟ್ಟಳು.
ಇಪ್ಪತ್ತಾರು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಕೈ.
ಉಬ್ಬಿ ಬೆಳ್ಳಗಾದ ತುದಿ. ಬೆರಳಲ್ಲಿ ಗೆರೆಯೇ ಇಲ್ಲ.
"ಸಣ್ಣ ಕಿಟಕಿ ಮುಚ್ಚಬೇಡಿ."
"ಮೂರೂ ಸಣ್ಣವೇ ಅಲ್ವೇನೋ, ಮಗಾ?"

ಚೌಕ ಮರಳಿ ಬಂತು, ಅಚ್ಚ ಹಳದಿ.
ಅದರೊಳಗೆ ಖಾಲಿ ಸ್ಟೂಲು, ಎರಡು.
ಉಂಗುರ ತಿರುಗಿಸಿದೆ. ಸ್ಟೂಲಿನ ಮೇಲೆ ಸ್ಟೂಲು ಕೂತಿತು,
ಅಂಚಿನ ಮೊಳೆಯ ತಲೆ ಕೂಡ ಒಂದೇ ಆಯಿತು.

"ಹೋಗಿ ಕೂತ್ಕೊಳ್ಳಿ ಈಗ. ಇದ್ದ ಹಾಗೇ."
"ಹೇಗಿದ್ದೆ?"
ನನಗೂ ನೆನಪಿರಲಿಲ್ಲ.
ಕೂತಳು. ಮಜ್ಜಿಗೆ ಮತ್ತೆ ಚೆಲ್ಲಿತು.
ನಂಬಿ ಒತ್ತಿದೆ.

ರಾತ್ರಿ ಕೆಂಪು ಬಲ್ಬಿನಡಿ ನೀರೊಳಗಿಂದ ಎದ್ದಳು:
ಮುಖ ಒಂದಿಷ್ಟು ಮಸುಕು,
ಮಂಡಿಯ ಮೇಲಿನ ಕೈಗಳು ಮಾತ್ರ
ಸುಕ್ಕು ಸುಕ್ಕು ಎಣಿಸಬಹುದು.
ಪಿಳ್ಳಣ್ಣ ಬೆನ್ನ ಹಿಂದೆ ನಿಂತು ಬೀಡಿ ಬಾಯಲ್ಲೇ ಇಟ್ಟುಕೊಂಡು,
"ಸ್ಟೂಲಿನ ಮುಂದಿನ ಅಂಚಿಗೆ ಇಟ್ಟಿದ್ದೀಯ, ಕತ್ತೆ.
ಮುಖ ಇರೋದು ಒಂದು ಗೇಣು ಹಿಂದೆ."
ಆಮೇಲೆ, ತುಸು ತಡೆದು, "ಕತ್ತರಿ ತಗೋ.
ಸ್ಟ್ಯಾಂಪ್ ಸೈಜಿಗೆ ಮಸುಕು ಯಾರಿಗೂ ಗೊತ್ತಾಗಲ್ಲ."

ಗೊತ್ತಾಗಲಿಲ್ಲ. ಸೀಲು ಬಿತ್ತು.

ಈಗ ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮೆಷಿನ್ನು
ಜುಲೇಖಾಬಿಯನ್ನು ಒಪ್ಪುವುದಿಲ್ಲವಂತೆ;
ಒರೆಸಿ ಒತ್ತು, ಎಣ್ಣೆ ಹಚ್ಚಿ ಒತ್ತು, ಆ ಕೈ, ಈ ಕೈ.
"ನಿನ್ನ ಡಬ್ಬಾನೇ ವಾಸಿ ಕಣೋ," ಅಂದಳು
ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ.

ಕತ್ತರಿಸಿ ಉಳಿದ ಪಟ್ಟಿ ನನ್ನ ಹತ್ತಿರ ಇದೆ, ಹೇಳಲಿಲ್ಲ.
ಕ್ಯಾಮೆರಾದ ಚರ್ಮದ ಚೀಲದಲ್ಲಿ,
ಅಂಟು ಸತ್ತ ಕರೀ ಟೇಪಿನ ಸುರುಳಿಯ ಪಕ್ಕ,
ಎರಡು ಕೈ.