ಮೇ ತಿಂಗಳಲ್ಲಿ ಕೈಗವಸು

ಮೇ ಕೊನೆ. ನೇಪಲ್ಸಿನಲ್ಲಿ
ನಾಯಿ ಕೂಡ ನೆರಳು ಹುಡುಕುವ ಹೊತ್ತು.
ಹುಡುಗಿ ಒಳಗೆ ಬಂದಳು,
ಉಣ್ಣೆಯಂಗಿಯ ತೋಳನ್ನು ಬೆರಳ ತುದಿವರೆಗೂ ಎಳೆದುಕೊಂಡು.
ಹಿಂದೆ ಚಿಕ್ಕಮ್ಮ ತಿತೀನಾ, ಬಾಯಿಗೆ ಬಿಡುವಿಲ್ಲದವಳು:
"ಮದುವೆಗೆ ಕೈಗವಸು ಬೇಕಂತೆ. ಮದುವೆ ನನ್ನ ಮಗಳದು, ಹಟ ಇವಳದು!
ಬೆರಳು ಪೂರ್ತಿ ಮುಚ್ಚಬೇಕಂತೆ."

ಸಾನಿತಾದ ಓಣಿಯಲ್ಲಿ ಕೈಗವಸು ಹೊಲಿಯುವವಳು ನಾನು,
ಅಮ್ಮ ಹೊಲಿದ ಮೇಜಿನ ಮೇಲೆಯೇ.
ಮುಖ ಮರೆಯುತ್ತೇನೆ, ಹೆಸರು ಮರೆಯುತ್ತೇನೆ,
ಕೈ ಮರೆಯುವುದಿಲ್ಲ.

"ಕೊಡು ಮಗಾ" ಅಂದೆ. ಎರ್ಸಿಲಿಯಾ ಕೊಟ್ಟಳು
ಬಳೆ ಅಡವಿಡುವವರ ಹಾಗೆ,
ಕಣ್ಣು ಬೇರೆ ಕಡೆ ಇಟ್ಟು.

ಚರ್ಚಿನ ನೆಲದಷ್ಟು ತಣ್ಣಗಿತ್ತು.
ಉಗುರಿನ ಬುಡದಲ್ಲಿ ನೀಲಿ. ಅಂಗೈಯಲ್ಲಿ ಗಜ್ಜರಿಯ ಬಣ್ಣ,
ತೊಳೆದರೆ ಹೋಗದಂಥದ್ದು.
ಮುಂಗೈಯುದ್ದಕ್ಕೂ ನವಿರು ರೋಮ, ದಿನ ತುಂಬದ ಕೂಸಿಗೆ ಇರುವ ಹಾಗೆ;
ಮನೆಮಂದಿಗೆ ಕಾಣದ ಚಳಿಗೆ
ಮೈ ತಾನೇ ನೇಯ್ದುಕೊಂಡ ಕಂಬಳಿ.
ಮತ್ತೆ ಗೆಣ್ಣಿನ ಮೇಲೆ ದಡ್ಡುಗಟ್ಟಿದ ಗಾಯ,
ಹಳೆಯದರ ಮೇಲೆ ಹೊಸದು.

"ವಾಲಿಬಾಲ್ ಆಡ್ತಾಳಲ್ಲ, ಅದಕ್ಕೇ" ಅಂದಳು ತಿತೀನಾ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಇದು ಹಿಂಗೈಯ ಹುಣ್ಣು.
ಕನ್ನಡಿಯೇ ಮಾಡಿದ್ದು.

ತೊಗಲಿನ ಕಸುಬು ನನ್ನದು. ಹದ ಮಾಡಿದ ಮೇಕೆಮರಿಯ ತೊಗಲನ್ನು
ಕಿಟಕಿಯ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ
ಆ ಮರಿ ಯಾವಾಗ ಹಸಿದಿತ್ತೆಂದು.
ಅಲ್ಲಿ ಸೂಜಿ ಆಡಿದರೆ ಹರಿಯುತ್ತದೆ, ಅಷ್ಟೆ.
ಆದರೆ ಆ ಮರಿಗೆ ಮೇವಿರಲಿಲ್ಲ. ಇವಳ ಮನೆಯಲ್ಲಿ
ಅಜ್ಜಿ ಭಾನುವಾರದ ರಾಗೂವನ್ನು ಶನಿವಾರ ರಾತ್ರಿಯೇ ಒಲೆಗಿಡುತ್ತಾಳೆ,
ಓಣಿಯೆಲ್ಲ ಘಮ್ಮೆನ್ನುತ್ತದೆ.

ತಿತೀನಾಳನ್ನು ಕಾಫಿಗೆ ಅಟ್ಟಿದೆ.
ಅಳತೆಪಟ್ಟಿ ಸುತ್ತಿಟ್ಟು
ನನ್ನ ಬಲಗೈಯನ್ನು ಅವಳ ಕೈ ಪಕ್ಕ ಇಟ್ಟೆ.
ನನ್ನ ಗೆಣ್ಣಿನ ಮೇಲೂ ಒಂದು ಬಿಳಿ ಕಲೆ.
ಕತ್ತರಿ ತಗುಲಿದ್ದು ಅಂತ ಮೂವತ್ತು ವರ್ಷ ಹೇಳಿದ್ದೇನೆ,
ನನ್ನ ಗಂಡ ನಂಬಿಕೊಂಡೇ ಸತ್ತ.

ಆಗ ಕಣ್ಣೆತ್ತಿದಳು.

ಉಪದೇಶ ಮಾಡಲಿಲ್ಲ. ತಿನ್ನು ಅನ್ನಲಿಲ್ಲ;
ನನಗೆ ಎಲ್ಲರೂ ಅಂದಿದ್ದರು, ಬಾಯಿ ಮುಚ್ಚಿಕೊಂಡು ಕೂತಿದ್ದೆ.
"ಕೈಗವಸು ಹೊಲಿಯಲ್ಲ" ಅಂದೆ.
"ಗುರುವಾರ ಬೆಳಿಗ್ಗೆ ಅಂಗಡಿ ಮುಚ್ಚಿರುತ್ತೇನೆ.
ದೊಡ್ಡಾಸ್ಪತ್ರೆಯಲ್ಲಿ ಒಬ್ಬಳು ಡಾಕ್ಟರಮ್ಮ ಇದ್ದಾಳೆ, ಗದರುವುದಿಲ್ಲ.
ಬಸ್ಸಿನಲ್ಲಿ ಮಾತಾಡಲೇಬೇಕು ಅಂತೇನಿಲ್ಲ.
ಅಮ್ಮನಿಗೆ ಹೇಳುವಾಗ ಬೇಕಾದರೆ ಪಕ್ಕದಲ್ಲಿರುತ್ತೇನೆ."

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ತೋಳು ಕೆಳಗೆಳೆದುಕೊಂಡಳು.
ಬಾಗಿಲ ಹತ್ತಿರ ನಿಂತು ಕೇಳಿದಳು:
"ನಿಮ್ಮದು ಮಾಯಲು ಎಷ್ಟು ದಿನ ಹಿಡಿಯಿತು?"
ಹೇಳುವಷ್ಟರಲ್ಲಿ ತಿತೀನಾ ಬಂದುಬಿಟ್ಟಳು,
ಕೈಯಲ್ಲಿ ಮೂರು ಕಾಫಿ.

ಇವತ್ತು ಬುಧವಾರ.
ಮೇಜಿನ ಮೇಲೆ ಅವಳ ಅಳತೆಚೀಟಿ ಇದೆ.
ಅಂಕಿ ಬರೆದಿಲ್ಲ,
ಹೆಸರಷ್ಟೇ.