ಕಪ್ಪು ವಯರು

ಡಿಪ್ಪಿಗೆ ಹಾಕಿದರೂ ಡ್ಯಾಶ್‌ಬೋರ್ಡಿನಲ್ಲಿ
ನೀಲಿ ದೀಪ ಮಿಣಿಮಿಣಿ ಅನ್ನುತ್ತದೆ,
ಮುಂದಿನ ಎಡಗಣ್ಣು ಬೂದಿ ಮುಚ್ಚಿದ ಕೆಂಡ.
ಇಷ್ಟು ಹೇಳಿ ಸಿಸಿಲಿಯಾ ಕ್ರಾಸ್ತಾ ಬಾಯಿ
ಅರುವತ್ತೊಂಬತ್ತರ ಅಂಬಾಸಿಡರನ್ನು
ಉಪ್ಪಳದ ನನ್ನ ಶೆಡ್ಡಿಗೆ
ಕನ್ನಡಿ ನೋಡದೆಯೇ ರಿವರ್ಸು ತಂದು ನಿಲ್ಲಿಸಿದರು.
ಮೂವತ್ತೆಂಟು ವರ್ಷ ಹೆರಿಗೆ ವಾರ್ಡಿನ ನರ್ಸು.
ಲಕ್ಷಣ ಹೇಳುತ್ತಾರೆ,
ಔಷಧ ಹೇಳಿಕೊಡುವುದಿಲ್ಲ.

ಮಂಜೇಶ್ವರದಲ್ಲಿ ಒಬ್ಬ ಸ್ವಿಚ್ಚು ಬದಲಿಸಿದನಂತೆ.
ಕುಂಬಳೆಯಲ್ಲಿ ಇನ್ನೊಬ್ಬ, ಮತ್ತೆ ಸ್ವಿಚ್ಚು.
ನಾನೂ (ಹೇಳಲು ನಾಚಿಕೆ) ಮೊದಲು ಸ್ವಿಚ್ಚೇ ಬಿಚ್ಚಿದೆ.
ಎಳೆದರೆ ಟಕ್ ಅನ್ನುವ ಗುಂಡಿ ಕಣ್ಣೆದುರೇ ಇರುವಾಗ
ಅಪವಾದ ಹೊರಿಸಲು ದೂರ ಹೋಗಬೇಕಾ?

ಹೊಸ ಸ್ವಿಚ್ಚೂ ಅದೇ ಪಾಠ ಒಪ್ಪಿಸಿತು.
ಕ್ಲಚ್ಚಿನ ಪಕ್ಕ, ಮ್ಯಾಟಿನ ಅಡಿ,
ಎಡಗಾಲಲ್ಲಿ ಒತ್ತುವ ಡಿಪ್ಪರ್ ಬಿಚ್ಚಿದೆ:
ಒಂದು ಚಿಟಿಕೆ ಮರಳು, ಜಪಮಾಲೆಯ ಒಂದು ಮಣಿ,
ಒಣಸಿಗಡಿಯ ಮೀಸೆ.
ಅದರದ್ದೂ ತಪ್ಪಿಲ್ಲ.

ಸಂಜೆಯಾಯಿತು. ಆಗ ನೆನಪಾದದ್ದು
ನಾಲ್ಕು ಭಾಷೆಯಲ್ಲಿ ಬೈದು ಕಲಿಸಿದ
ಮೊಯ್ದಿನ್‌ಕುಂಞಿ ಮೇಸ್ತ್ರಿ.
ತುಳುವಿನಲ್ಲಿ ಬೈದರೆ ತಪ್ಪು ಸಣ್ಣದು;
ಬ್ಯಾರಿಯಲ್ಲಿ ಬೈದರೆ ಕೈಯಲ್ಲಿ ಸ್ಪ್ಯಾನರ್ ಉಂಟು.
ಬಣ್ಣದ ಲೆಕ್ಕ ಮಾತ್ರ ಕನ್ನಡದಲ್ಲೇ:
ನೀಲಿಗೆ ಬಿಳಿ ಗೆರೆ, ದೂರದ ಬೆಳಕು.
ನೀಲಿಗೆ ಕೆಂಪು ಗೆರೆ, ಹತ್ತಿರದ್ದು.
ಕಂದು ಬ್ಯಾಟರಿಯ ಖಾಸಾ ಮಗ, ಮುಟ್ಟುವಾಗ ಜಾಗ್ರತೆ.
ಕಪ್ಪು? ಕಪ್ಪು ಎಲ್ಲರದ್ದೂ.
ಹೋದ ಕರೆಂಟು ತಿರುಗಿ ಬರುವ ದಾರಿ.
ಹೋಗುವುದನ್ನು ಎಲ್ಲರೂ ನೋಡುತ್ತಾರೆ ಕತ್ತೇ,
ಬರುವುದನ್ನು ನೋಡು.

ಬ್ಯಾಟರಿ ಟ್ರೇಯ ಕೆಳಗೆ ಕೈ ಹಾಕಿದೆ.
ಕಪ್ಪು ವಯರಿನ ತುದಿ, ಒಂದು ಬೋಲ್ಟು,
ಬೋಲ್ಟಿನ ಸುತ್ತ ಹಸಿರು ಕಿಲುಬು.
ಐವತ್ತು ವರ್ಷದ ಕಡಲಗಾಳಿ
ಕೂತು ಉಂಡು ಎದ್ದು ಹೋದ ಎಲೆ.
ಉಗುರು ತಾಗಿದ್ದೇ ಪುಡಿ.

ಎಡಬಲ್ಬಿಗೆ ಹೊಕ್ಕ ಕರೆಂಟಿಗೆ
ತನ್ನ ಬಾಗಿಲೇ ಮುಚ್ಚಿದೆ.
ಪಕ್ಕದ ಫಿಲಮೆಂಟಿನೊಳಗೆ ನುಸುಳಿ,
ಕೆಲಸವಿಲ್ಲದೆ ಮಲಗಿದ್ದ ವಯರು ಹಿಡಿದು ಹಿಂದೆ ನಡೆದು,
ಡ್ಯಾಶ್‌ಬೋರ್ಡಿನ ಕಿರುಬಲ್ಬಿನ ಮನೆ ಹೊಕ್ಕು
ಹಿತ್ತಿಲಿನಿಂದ ಹೇಗೋ ನೆಲ ಮುಟ್ಟುತ್ತಿದೆ.
ಅಷ್ಟು ಸುತ್ತಿ ಬಂದದ್ದರಲ್ಲಿ ಉಳಿದ ಕಸುವು
ಇಷ್ಟೇ, ಒಂದು ಮಿಣುಕು.
ಸುಳ್ಳು ಹೇಳಿರಲಿಲ್ಲ ಆ ನೀಲಿ.
ಯಾರೋ ದಾರಿ ತಪ್ಪಿ ಬಂದಿದ್ದಾರೆ ಅಂದಿತ್ತು;
ನಾವು ಹೈ ಬೀಮ್ ಎಂದು ಓದಿದೆವು.

ಮರಳುಕಾಗದ ಅರ್ಧ ಹಾಳೆ. ಹೊಸ ಬೋಲ್ಟು.
ಮೇಲೊಂದು ಬೆರಳು ಗ್ರೀಸು.
ಓಣಿಯಾಚೆ ಮುಚ್ಚಿದ ಬೀಡಿ ಡಿಪೋದ ಗೋಡೆಯಲ್ಲಿ
ಎರಡು ಬೆಳಕು ಸಮ ಎತ್ತರಕ್ಕೆ ನಿಂತವು.
ಮಲಯಾಳದ ಮೇಲೆ ಕನ್ನಡ, ಕನ್ನಡದ ಮೇಲೆ ಸುಣ್ಣ,
ಸುಣ್ಣದ ಮೇಲೆ ಒಂದು ಹಲ್ಲಿ,
ಬೆಳಕಿಗೆ ಬೆಚ್ಚಿ ಓಡಿತು.

ಬಾಯಿ ಎಡಗಾಲು ಒತ್ತಿದರು. ನೀಲಿ.
ಮತ್ತೆ ಒತ್ತಿದರು. ನೀಲಿ ಇಲ್ಲ.
"ಎಷ್ಟಾಯಿತು?"
ನಾನು ಹಾಕಿದ ಸ್ವಿಚ್ಚನ್ನು ಬಿಲ್ಲಿನಿಂದ ಹೊಡೆದು ಹಾಕಿದೆ.
ಕನ್ನಡಕದ ಮೇಲಿನಿಂದ ನೋಡಿದರು.
"ಕೂಸು ಅಳದಿದ್ದರೆ
ನಾವೂ ಮೊದಲು ಗಂಟಲೇ ನೋಡುವುದು ಮಾರಾಯ."

ಹೊರಡುವಾಗ, ಗಾಡಿ ಐಡಲಿನಲ್ಲಿರುವಾಗ,
ಚಾರ್ಜಿನ ಕೆಂಪು ದೀಪ ಒಮ್ಮೆ ಮಿನುಗಿತು.
ನಾನು ನೋಡಿದೆ. ಅವರೂ ನೋಡಿದರು.
ಇಬ್ಬರೂ ಏನೂ ಹೇಳಲಿಲ್ಲ.

ಅವರು ಬಿಟ್ಟುಹೋದ ಬಿಸ್ಕೆಟ್ ಡಬ್ಬಿಯಲ್ಲಿ
ಬದಲಿಸಿ ತೆಗೆದ ಮೂರು ಸ್ವಿಚ್ಚು ಉಂಟು.
ಗಿರಾಕಿ ಇಲ್ಲದ ಮಧ್ಯಾಹ್ನ
ಒಂದೊಂದೇ ಎಳೆದು ನೋಡುತ್ತೇನೆ.
ಟಕ್.
ಟಕ್.
ಮೂರನೆಯದು ಸ್ವಲ್ಪ ಬಿಗಿ,
ಆದರೂ ಟಕ್.